ಎರಡು ಗಿಗಾಬಿಟ್ ಲಿಂಕ್ ಸೇರಿಸಿ ಬಾಂಡ್ ಮಾಡಿದ್ದೇವೆ. ಒಂದು ಪೂರ್ತಿ ತುಂಬಿದೆ, ಇನ್ನೊಂದು ಖಾಲಿ. ಯಾಕೆ?

ಹರಿಹರ_ಫೈಬರ್

ಎಲ್ಲರಿಗೂ ನಮಸ್ಕಾರ. ಹರಿಹರದಲ್ಲಿ ಸಣ್ಣ ಮಟ್ಟದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುತ್ತೇವೆ. ನಮಗೆ ಬ್ಯಾಂಡ್‌ವಿಡ್ತ್ ಬರುವುದು ದಾವಣಗೆರೆಯಿಂದ. ಎರಡೂ ಊರಲ್ಲಿ ಲಿನಕ್ಸ್ ಹಾಕಿದ ಸರ್ವರನ್ನೇ ರೌಟರ್ ಮಾಡಿಕೊಂಡಿದ್ದೇವೆ. ಮೊದಲು ನಡುವೆ ಒಂದೇ ಗಿಗಾಬಿಟ್ ಲಿಂಕ್ ಇತ್ತು. ರಾತ್ರಿ ಎಂಟು ಗಂಟೆ ಆಯಿತೆಂದರೆ ಅದು ಸಾಲುತ್ತಿರಲಿಲ್ಲ, ಫೋನ್ ಮೇಲೆ ಫೋನ್. ಹಾಗಾಗಿ ಇನ್ನೊಂದು ಜೊತೆ ಫೈಬರ್ ತೆಗೆದುಕೊಂಡು ಎರಡನ್ನೂ ಸೇರಿಸಿ ಒಂದು ಬಾಂಡ್ ಮಾಡಿದೆವು. ಮೋಡ್ 802.3ಎಡಿ, ಅಂದರೆ ಹಲವು ಈಥರ್‌ನೆಟ್ ಲಿಂಕ್ ಒಟ್ಟುಗೂಡಿಸುವ ಸ್ಟ್ಯಾಂಡರ್ಡ್. ಎರಡೂ ಕಡೆ ಎಲ್‌ಎಸಿಪಿ (ಬಾಂಡ್‌ನ ಎರಡು ತುದಿ ಒಪ್ಪಂದ ಮಾಡಿಕೊಳ್ಳುವ ಸಂದೇಶಗಳು) ಸರಿಯಾಗಿ ಮಾತಾಡಿಕೊಂಡಿದೆ, ಎರಡೂ ಪೋರ್ಟ್ ಒಂದೇ ಅಗ್ರಿಗೇಟರ್‌ನಲ್ಲಿವೆ (ಒಂದೇ ಗುಂಪು), ಎಲ್ಲಾ ಹಸಿರು.

ಆದರೆ ರಾತ್ರಿ ಗ್ರಾಫ್ ನೋಡಿದರೆ ಮೊದಲ ಪೋರ್ಟ್ 940 ಮೆಗಾಬಿಟ್‌ನಲ್ಲಿ ನಿಂತುಬಿಟ್ಟಿದೆ. ಎರಡನೆಯದರಲ್ಲಿ 40, 50 ಅಷ್ಟೇ. ಮೊದಲನೇ ಕೇಬಲ್ ಕಿತ್ತರೆ ಎಲ್ಲಾ ಟ್ರಾಫಿಕ್ ಎರಡನೆಯದಕ್ಕೆ ಹೋಗುತ್ತದೆ, ಅಂದರೆ ಲಿಂಕ್‌ನಲ್ಲಿ ದೋಷ ಇಲ್ಲ. ಎರಡೂ ಇದ್ದಾಗ ಮಾತ್ರ ಹಂಚಿಕೊಳ್ಳುವುದಿಲ್ಲ. ಆ 40–50 ಕೂಡ ಯಾವ ಟ್ರಾಫಿಕ್ ಅಂತ ತಿಳಿಯುತ್ತಿಲ್ಲ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಓಪನ್_ರೌಟರ್

ಹ್ಯಾಶ್ ಪಾಲಿಸಿ, ಅಂದರೆ ಯಾವ ಪ್ಯಾಕೆಟ್ ಯಾವ ಲಿಂಕ್‌ಗೆ ಎಂದು ಆರಿಸುವ ನಿಯಮ, ಏನಿದೆ ನೋಡಿ ಅಣ್ಣಾ. ಪ್ರಾಕ್, ನೆಟ್, ಬಾಂಡಿಂಗ್ ಫೋಲ್ಡರ್ ಒಳಗೆ ನಿಮ್ಮ ಬಾಂಡ್ ಹೆಸರಿನ ಫೈಲ್ ಇರುತ್ತದೆ. ಅದನ್ನು ತೆರೆದರೆ ಮೇಲೆಯೇ ಕಾಣಿಸುತ್ತದೆ. ಎರಡೂ ರೌಟರಿನ ಬಾಂಡ್ ಮ್ಯಾಕ್ ವಿಳಾಸದ (ಕಾರ್ಡ್‌ನ ಹಾರ್ಡ್‌ವೇರ್ ವಿಳಾಸ) ಕೊನೆ ಎರಡು ಅಕ್ಷರವನ್ನೂ ಹಾಕಿ.

ಹರಿಹರ_ಫೈಬರ್

ಎರಡೂ ಕಡೆ ಲೇಯರ್2 ಅಂತ ಇದೆ. ಅದು ಮೊದಲಿನಿಂದ ಬಂದದ್ದು, ನಾವು ಮುಟ್ಟಿಲ್ಲ. ಮ್ಯಾಕ್ ಕೊನೆ: ಹರಿಹರದ್ದು 4ಎ, ದಾವಣಗೆರೆಯದು 1ಸಿ.

ಪ್ಯಾಕೆಟ್_ಪಯಣ

ಕಾರಣ ಸಿಕ್ಕಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರೌಟರ್‌ನಿಂದ ರೌಟರ್‌ಗೆ ಬಾಂಡ್ ಹಾಕುವ ಎಲ್ಲರಿಗೂ ಇದು ಎದುರಾಗುತ್ತದೆ.

ಬಾಂಡ್ ಅಂದರೆ ಪ್ಯಾಕೆಟ್‌ಗಳನ್ನು ಒಂದಾದ ಮೇಲೊಂದರಂತೆ ಎರಡೂ ತಂತಿಗೆ ಹಾಕುವುದಲ್ಲ. ಪ್ರತಿ ಪ್ಯಾಕೆಟ್‌ನ ತಲೆಯಲ್ಲಿರುವ ಕೆಲವು ಅಂಕಿ ತೆಗೆದುಕೊಂಡು ಒಂದು ಲೆಕ್ಕ ಮಾಡುತ್ತಾರೆ. ಅದೇ ಹ್ಯಾಶ್. ಬಂದ ಉತ್ತರವನ್ನು ಲಿಂಕ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷದ ಪ್ರಕಾರ ಲಿಂಕ್ ಆರಿಸುತ್ತಾರೆ. ಅಂಕಿ ಒಂದೇ ಇದ್ದರೆ ಉತ್ತರ ಒಂದೇ, ಲಿಂಕೂ ಒಂದೇ. ಹೀಗೆ ಮಾಡುವುದರಿಂದ ಒಂದು ಸಂಭಾಷಣೆಯ ಪ್ಯಾಕೆಟ್‌ಗಳು ಯಾವತ್ತೂ ಹಿಂದೆ ಮುಂದೆ ಆಗುವುದಿಲ್ಲ.

ಲೇಯರ್2 ಪಾಲಿಸಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೂರೇ: ಕಳಿಸುವವರ ಮ್ಯಾಕ್‌ನ ಕೊನೆ ಬೈಟ್, ಪಡೆಯುವವರ ಮ್ಯಾಕ್‌ನ ಕೊನೆ ಬೈಟ್, ಮತ್ತೆ ಪ್ಯಾಕೆಟ್ ಯಾವ ಬಗೆಯದು ಎಂಬ ಅಂಕಿ. ಸ್ವಿಚ್‌ನ ಕೆಳಗೆ ನೂರು ಕಂಪ್ಯೂಟರ್ ಇದ್ದರೆ ನೂರು ಮ್ಯಾಕ್ ಇರುತ್ತವೆ, ಚೆನ್ನಾಗಿ ಹಂಚಿಹೋಗುತ್ತದೆ. ಆದರೆ ನಿಮ್ಮ ಲಿಂಕ್‌ನಲ್ಲಿ ಎಷ್ಟು ಸಾವಿರ ಗ್ರಾಹಕರಿದ್ದರೂ ಮ್ಯಾಕ್ ಎರಡೇ. ರೌಟರ್ ಪ್ರತಿ ಪ್ಯಾಕೆಟ್‌ಗೂ ಹಳೆ ಮ್ಯಾಕ್ ತೆಗೆದು ತನ್ನದನ್ನು ಹಾಕುತ್ತದೆ ಅಲ್ವಾ? ಹಾಗಾಗಿ ಎಲ್ಲವೂ 4ಎ ಮತ್ತು 1ಸಿ ನಡುವೆಯೇ.

ಲೆಕ್ಕ ಮಾಡಿ ನೋಡೋಣ. ಇವನ್ನೆಲ್ಲ ಎಕ್ಸ್‌ಓಆರ್ (ಬಿಟ್‌ಗಳು ಬೇರೆಯಿದ್ದರೆ 1, ಒಂದೇ ಇದ್ದರೆ 0 ಕೊಡುವ ಲೆಕ್ಕ) ಮಾಡಬೇಕು. ಲಿಂಕ್ ಎರಡೇ ಇರುವುದರಿಂದ ಕೊನೆಯ ಬಿಟ್ ನೋಡಿದರೆ ಸಾಕು, ಅಂದರೆ ಸಮವೋ ಬೆಸವೋ. ಅಂಕಿಗಳು ಹೆಕ್ಸ್‌ನಲ್ಲಿವೆ (ಹದಿನಾರರ ಲೆಕ್ಕ: ಎ ಎಂದರೆ 10, ಸಿ ಎಂದರೆ 12, ಡಿ ಎಂದರೆ 13). 4ಎ ಸಮ. 1ಸಿ ಸಮ. ಐಪಿವಿ4 ಪ್ಯಾಕೆಟ್‌ನ ಬಗೆ 0800, ಅದೂ ಸಮ. ಉತ್ತರ ಸಮ, ಶೇಷ ಸೊನ್ನೆ, ಮೊದಲ ಲಿಂಕ್. ನಿಮ್ಮ ಐಪಿವಿ4 ಟ್ರಾಫಿಕ್ ಪೂರ್ತಿ ಅಲ್ಲೇ ಹೋಗುತ್ತದೆ, ಬೇರೆ ದಾರಿಯೇ ಇಲ್ಲ.

ಈಗ ಆ 40–50 ಮೆಗಾಬಿಟ್. ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಪ್ಯಾಕೆಟ್‌ನ ಬಗೆ 86ಡಿಡಿ. ಅದು ಬೆಸ. ಹಾಗಾಗಿ ಅದು ಎರಡನೇ ಲಿಂಕ್‌ಗೆ ಹೋಗುತ್ತದೆ. ನೀವು ಕೆಲವು ಗ್ರಾಹಕರಿಗೆ ಮಾತ್ರ ಐಪಿವಿ6 ಕೊಟ್ಟಿರಬೇಕು, ಸರಿನಾ?

ಪರಿಹಾರ: ಎಕ್ಸ್‌ಮಿಟ್ ಹ್ಯಾಶ್ ಪಾಲಿಸಿಯನ್ನು ಲೇಯರ್3+4 ಮಾಡಿ. ಆಗ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆ (ತಂತಿಯ ಪೋರ್ಟ್ ಅಲ್ಲ, ಪ್ರತಿ ಸಂಭಾಷಣೆಗೆ ಸಿಗುವ ಅಂಕಿ) ಎರಡೂ ಲೆಕ್ಕಕ್ಕೆ ಬರುತ್ತವೆ. ಸಾವಿರಾರು ಬೇರೆ ಬೇರೆ ಸಂಭಾಷಣೆ, ಸಾವಿರಾರು ಬೇರೆ ಬೇರೆ ಉತ್ತರ.

ಹರಿಹರ_ಫೈಬರ್

ಮೇಡಂ, ನೂರಕ್ಕೆ ನೂರು ಸರಿ. ಹೊಸ ಬಡಾವಣೆಯೊಂದರಲ್ಲಿ ಮಾತ್ರ ಐಪಿವಿ6 ಬಿಟ್ಟು ನೋಡುತ್ತಿದ್ದೇವೆ. ಇವತ್ತು ರಾತ್ರಿ ಪಾಲಿಸಿ ಬದಲಾಯಿಸಿ ಹೇಳುತ್ತೇನೆ.

ಲ್ಯಾಬ್_ಮೇಷ್ಟ್ರು

ಇಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆಯನ್ನೇ ಇಲ್ಲಿ ಕೇಳುತ್ತೇನೆ. ಹ್ಯಾಶ್ ಗೊಡವೆ ಯಾಕೆ? ಮೋಡ್ ಸೊನ್ನೆ, ರೌಂಡ್ ರಾಬಿನ್ ಇದೆಯಲ್ಲ. ಒಂದು ಪ್ಯಾಕೆಟ್ ಅಲ್ಲಿ, ಒಂದು ಪ್ಯಾಕೆಟ್ ಇಲ್ಲಿ. ಆಗ ಒಂದೇ ಡೌನ್‌ಲೋಡ್‌ಗೂ 2 ಗಿಗಾಬಿಟ್ ಸಿಗಬೇಕಲ್ಲವೇ?

ಪ್ಯಾಕೆಟ್_ಪಯಣ

ಸಿಗಬೇಕು ಅನಿಸುತ್ತದೆ ಸರ್, ಆದರೆ ಟಿಸಿಪಿ (ಪ್ಯಾಕೆಟ್‌ಗಳು ತಪ್ಪದೆ, ಕ್ರಮವಾಗಿ ತಲುಪುವಂತೆ ನೋಡಿಕೊಳ್ಳುವ ನಿಯಮ) ಅದನ್ನು ಕೆಡಿಸುತ್ತದೆ. ಎರಡು ತಂತಿಯ ವೇಗ ಒಂದೇ ಇದ್ದರೂ ಕ್ಯೂ ಒಂದೇ ಉದ್ದ ಇರುವುದಿಲ್ಲ. 5ನೇ ಪ್ಯಾಕೆಟ್‌ಗಿಂತ ಮೊದಲು 6, 7, 8 ತಲುಪುತ್ತವೆ. ಪಡೆಯುವವನು ಪ್ರತಿ ಸಲ "ನನಗೆ 5 ಬೇಕು" ಅಂತ ಅದೇ ಅಕ್ (ಸ್ವೀಕೃತಿ ಸಂದೇಶ) ಕಳಿಸುತ್ತಾನೆ. ಅದು ಮೂರು ಸಲ ಮತ್ತೆ ಬಂದರೆ ಕಳಿಸುವವನು 5 ಕಳೆದುಹೋಯಿತು ಎಂದು ತಿಳಿದು ಮತ್ತೊಮ್ಮೆ ಕಳಿಸುತ್ತಾನೆ, ಜೊತೆಗೆ ವೇಗವನ್ನೂ ತಗ್ಗಿಸುತ್ತಾನೆ. ನಿಜವಾಗಿ ಏನೂ ಕಳೆದಿರುವುದಿಲ್ಲ. ಇವತ್ತಿನ ಟಿಸಿಪಿ ಇದನ್ನು ಮೊದಲಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ನಿಜ. ಆದರೂ ಗ್ರಾಹಕರ ಟ್ರಾಫಿಕ್ ಹೋಗುವ ಲಿಂಕ್‌ನಲ್ಲಿ ರೌಂಡ್ ರಾಬಿನ್ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ವಾಯ್ಸ್ ಕಾಲ್, ಆಟ, ಎಲ್ಲಾ ತೊದಲುತ್ತವೆ.

ನಿವೃತ್ತ_ಟೆಲಿಕಾಂ

ಮೇಷ್ಟ್ರು ಕೇಳಿದ್ದು ಒಳ್ಳೆಯ ಪ್ರಶ್ನೆ. ಒಂದೇ ಸಂಭಾಷಣೆಗೆ ಎರಡೂ ಲಿಂಕ್ ಕೊಡುವ ಕೆಲಸ ಹಿಂದೆ ನಡೆಯುತ್ತಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು.

ಐಎಸ್‌ಡಿಎನ್ (ಹಳೆಯ ಡಿಜಿಟಲ್ ಫೋನ್ ಲೈನ್) ಕಾಲ ನೆನಪಿದೆಯೇ? ಒಂದು ಬೇಸಿಕ್ ರೇಟ್ ಲೈನ್‌ನಲ್ಲಿ 64 ಕಿಲೋಬಿಟ್‌ನ ಎರಡು ಬಿ ಚಾನೆಲ್, 16 ಕಿಲೋಬಿಟ್‌ನ ಒಂದು ಡಿ ಚಾನೆಲ್. ಎರಡು ಬಿ ಸೇರಿಸಿದರೆ 128. ಸೇರಿಸುತ್ತಿದ್ದದ್ದು ಮಲ್ಟಿಲಿಂಕ್ ಪಿಪಿಪಿ. 1996ರಲ್ಲಿ ಬಂದ, 1990 ಸಂಖ್ಯೆಯ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) ಅದರದ್ದು. ಅದು ಮಾಡುತ್ತಿದ್ದದ್ದೇ ಬೇರೆ. ಪ್ರತಿ ಪ್ಯಾಕೆಟ್ ಅನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಕ್ರಮಸಂಖ್ಯೆ ಅಂಟಿಸಿ, ಎರಡೂ ಚಾನೆಲ್‌ಗೆ ಹಂಚುತ್ತಿತ್ತು. ಆ ಕಡೆಯ ರೌಟರ್ ಸಂಖ್ಯೆ ನೋಡಿ ಮತ್ತೆ ಜೋಡಿಸಿ, ಕ್ರಮವಾಗಿಯೇ ಮುಂದೆ ಬಿಡುತ್ತಿತ್ತು. ಟಿಸಿಪಿಗೆ ಕೆಳಗೆ ಎರಡು ಲೈನ್ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಬ್ಯಾಂಕ್‌ಗಳಿಗೆ, ಕಂಪನಿಗಳಿಗೆ ಇ1 ಲೈನ್ ಜೋಡಿಸಿ ಕೊಡುತ್ತಿದ್ದೆವು. ಒಂದು ಇ1 ಎಂದರೆ 2.048 ಮೆಗಾಬಿಟ್. ನಾಲ್ಕು ಸೇರಿಸಿದರೆ ಸುಮಾರು 8. ಒಂದೇ ಫೈಲ್ ಕಳಿಸಿದರೂ ನಾಲ್ಕೂ ಲೈನ್‌ನ ದೀಪ ಒಟ್ಟಿಗೆ ಮಿನುಗುತ್ತಿತ್ತು. ಅದನ್ನು ನೋಡಿದವರಿಗೆ ಈಗಿನ ಬಾಂಡ್‌ನ ನಡತೆ ವಿಚಿತ್ರ ಅನಿಸುವುದು ಸಹಜ.

ಈಥರ್‌ನೆಟ್‌ನವರು ಇದನ್ನು ಯಾಕೆ ತೆಗೆದುಕೊಳ್ಳಲಿಲ್ಲ? ಜೋಡಿಸಬೇಕೆಂದರೆ ತಡವಾದ ತುಂಡಿಗಾಗಿ ಕಾಯಬೇಕು, ಕಾಯುವಾಗ ಉಳಿದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. 128 ಕಿಲೋಬಿಟ್‌ನಲ್ಲಿ ಅದು ಪುಟ್ಟ ಕೆಲಸ. ಗಿಗಾಬಿಟ್‌ನಲ್ಲಿ ಹಾರ್ಡ್‌ವೇರ್ ದುಬಾರಿಯಾಗುತ್ತದೆ. 2000ದಲ್ಲಿ 802.3ಎಡಿ ಬಂದಾಗ ಫ್ರೇಮ್‌ಗೆ ಹೊಸ ಸಂಖ್ಯೆ ಅಂಟಿಸುವುದೇ ಬೇಡ, ಒಂದು ಸಂಭಾಷಣೆ ಒಂದೇ ಲಿಂಕ್‌ನಲ್ಲಿ ಹೋಗಲಿ ಎಂದು ನಿಯಮ ಮಾಡಿದರು. 2008ರಲ್ಲಿ ಅದೇ 802.1ಎಎಕ್ಸ್ ಹೆಸರಿಗೆ ಹೋಯಿತು. ಜನ ಇನ್ನೂ ಹಳೇ ಹೆಸರನ್ನೇ ಬಳಸುತ್ತಾರೆ.

ಅದಕ್ಕೂ ಮುಂಚೆ 90ರ ದಶಕದ ಮೊದಲಲ್ಲಿ ಕಲ್ಪನಾ ಎಂಬ ಕಂಪನಿ ಈಥರ್‌ಚಾನೆಲ್ ಎಂದು ಮಾಡಿತ್ತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ಸಿಸ್ಕೊ ಪೆಟ್ಟಿಗೆಗಳಲ್ಲಿ ಇವತ್ತಿಗೂ ಈಥರ್‌ಚಾನೆಲ್ ಎಂದೇ ಕರೆಯುವುದು ಅದಕ್ಕೇ.

ಲ್ಯಾಬ್_ಮೇಷ್ಟ್ರು

ಸರ್, ಇದನ್ನು ಈ ವಾರವೇ ಕ್ಲಾಸಿನಲ್ಲಿ ಹೇಳುತ್ತೇನೆ. ತುಂಬಾ ಧನ್ಯವಾದ.

ಹರಿಹರ_ಫೈಬರ್

ನಿನ್ನೆ ರಾತ್ರಿ ಹರಿಹರದ ರೌಟರಿನಲ್ಲಿ ಲೇಯರ್3+4 ಹಾಕಿದೆವು. ಅಪ್‌ಲೋಡ್ ಕೂಡಲೇ ಸರಿಯಾಗಿ ಎರಡು ಪಾಲಾಯಿತು. ಡೌನ್‌ಲೋಡ್ ಮಾತ್ರ ಇನ್ನೂ ಒಂದೇ ಪೋರ್ಟ್‌ನಲ್ಲಿ ಬರುತ್ತಿದೆ. ದಾವಣಗೆರೆ ಸರ್ವರ್ ಬೇರೆಯವರ ಜಾಗದಲ್ಲಿದೆ, ಅಲ್ಲಿ ಮಾಡಲು ನಾಳೆ ಸಮಯ ಕೇಳಿದ್ದೇವೆ. ಅಲ್ಲೂ ಬದಲಾಯಿಸಿದರೆ ಸರಿಹೋಗುತ್ತದಾ?

ಓಪನ್_ರೌಟರ್

ಹೋಗುತ್ತದೆ. ಯಾವ ಲಿಂಕ್ ಎಂದು ಆರಿಸುವುದು ಕಳಿಸುವವರೇ. ನಿಮ್ಮ ಗ್ರಾಹಕರ ಡೌನ್‌ಲೋಡ್ ಅನ್ನು ಕಳಿಸುವುದು ದಾವಣಗೆರೆ ರೌಟರ್, ಹಾಗಾಗಿ ತೀರ್ಮಾನ ಅದರದ್ದು. ಎರಡು ಕಡೆ ಬೇರೆ ಬೇರೆ ಪಾಲಿಸಿ ಇದ್ದರೂ ಬಾಂಡ್ ಬೀಳುವುದಿಲ್ಲ, ಎಲ್‌ಎಸಿಪಿ ಅದನ್ನು ಕೇಳುವುದೇ ಇಲ್ಲ. ಮೇಲಿನವರ ಪೆಟ್ಟಿಗೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಅವರಿಗೆ ಫೋನ್ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಪರೀಕ್ಷೆ ಮಾಡುವಾಗ ಐಪರ್ಫ್3 (ವೇಗ ಅಳೆಯುವ ತಂತ್ರಾಂಶ) ಸುಮ್ನೆ ಓಡಿಸಬೇಡಿ. ಒಂದು ಸ್ಟ್ರೀಮ್ ಓಡಿಸಿದರೆ 940ರ ಆಸುಪಾಸೇ ಬರುತ್ತದೆ, ಬಾಂಡ್ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ಪ್ಯಾರಲಲ್ ಎಂಟು ಅಥವಾ ಹದಿನಾರು ಕೊಟ್ಟು ನೋಡಿ. ಪ್ರತಿ ಸ್ಟ್ರೀಮ್‌ಗೂ ಬೇರೆ ಪೋರ್ಟ್ ಸಂಖ್ಯೆ ಸಿಗುತ್ತದೆ, ಆಗ ಹಂಚಿಹೋಗುತ್ತದೆ.

ಸಿರ್ಸಿ_ಮನೆಯಿಂದ

ನಡುವೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಸಿರ್ಸಿ ಹತ್ತಿರದ ಹಳ್ಳಿಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಮನೆಗೆ 100 ಮೆಗಾಬಿಟ್ ಫೈಬರ್ ಇದೆ. ಮಳೆಗಾಲದಲ್ಲಿ ಮರ ಬಿದ್ದು ಅದು ಹೋಗುತ್ತಲೇ ಇರುತ್ತದೆ, ಹಾಗಾಗಿ ಸಿಮ್ ಹಾಕುವ 4ಜಿ ರೌಟರ್ ಕೂಡ ಇಟ್ಟುಕೊಂಡಿದ್ದೇನೆ. ಎರಡನ್ನೂ ಬಾಂಡ್ ಮಾಡಿ ಒಂದೇ ಸಂಪರ್ಕ ಮಾಡಬಹುದಾ? ಮೀಟಿಂಗ್ ನಡುವೆ ಕಾಲ್ ಕಟ್ ಆಗಬಾರದು, ಅಷ್ಟು ಆದರೆ ಸಾಕು.

ಪ್ಯಾಕೆಟ್_ಪಯಣ

ಬೇಸರ ಯಾಕೆ, ಇದೂ ಅದೇ ವಿಷಯವೇ. ಆದರೆ ಎಲ್‌ಎಸಿಪಿ ನಿಮಗೆ ಆಗುವುದಿಲ್ಲ. ಅದಕ್ಕೆ ಎರಡೂ ತಂತಿಯ ಆ ತುದಿ ಒಂದೇ ಪೆಟ್ಟಿಗೆಯಲ್ಲಿರಬೇಕು. ನಿಮ್ಮದು ಎರಡು ಬೇರೆ ಕಂಪನಿಯ ಲೈನ್, ಆ ತುದಿಯಲ್ಲಿ ಇಬ್ಬರಿಗೂ ಪರಸ್ಪರ ಪರಿಚಯವೇ ಇಲ್ಲ.

ನಿಮ್ಮ ಮುಂದೆ ಮೂರು ದಾರಿ ಇವೆ. ಮೊದಲನೆಯದು ಬರೀ ಫೇಲೋವರ್. ಫೈಬರ್ ಹೋದರೆ 4ಜಿಗೆ ಬದಲಾಗುತ್ತದೆ. ಕಾಲ್ ಒಂದು ಕ್ಷಣ ಕಟ್ ಆಗಿ ಮತ್ತೆ ಸೇರಿಕೊಳ್ಳುತ್ತದೆ, ಯಾಕೆಂದರೆ ನಿಮ್ಮ ಹೊರಗಿನ ಐಪಿ ಬದಲಾಗುತ್ತದೆ. ಎರಡನೆಯದು ಲೋಡ್ ಬ್ಯಾಲೆನ್ಸ್. ಓಪನ್‌ಡಬ್ಲ್ಯುಆರ್‌ಟಿ ರೌಟರ್ ತಂತ್ರಾಂಶದಲ್ಲಿ ಎಂವಾನ್3, ಮೈಕ್ರೋಟಿಕ್ ರೌಟರ್‌ನಲ್ಲಿ ಪಿಸಿಸಿ ಎಂಬ ಸೌಲಭ್ಯ ಇದಕ್ಕಿದೆ. ಒಂದೊಂದು ಕನೆಕ್ಷನ್ ಒಂದೊಂದು ಲೈನ್‌ಗೆ ಹೋಗುತ್ತದೆ. ಇಡೀ ಮನೆಗೆ ಸೇರಿ ವೇಗ ಜಾಸ್ತಿ ಸಿಗುತ್ತದೆ, ಆದರೆ ಲೈನ್ ಬಿದ್ದಾಗ ಅದರ ಮೇಲಿದ್ದ ಕಾಲ್ ಬಿದ್ದೇ ಬೀಳುತ್ತದೆ.

ಮೂರನೆಯದೇ ನೀವು ಕೇಳುತ್ತಿರುವುದು. ಬೆಂಗಳೂರಿನಲ್ಲೋ ಮುಂಬೈನಲ್ಲೋ ಒಂದು ಸಣ್ಣ ಸರ್ವರ್ ಬಾಡಿಗೆಗೆ ತೆಗೆದುಕೊಂಡು, ಮನೆಯ ರೌಟರ್‌ನಿಂದ ಅಲ್ಲಿಗೆ ಎರಡೂ ಲೈನ್ ಮೇಲೆ ಸುರಂಗ (ವಿಪಿಎನ್ ತರದ ಒಳದಾರಿ) ಹಾಕುವುದು. ಜಗತ್ತಿಗೆ ಕಾಣುವುದು ಆ ಸರ್ವರ್‌ನ ಐಪಿ. ಕೆಳಗೆ ಯಾವ ಲೈನ್ ಬಿದ್ದರೂ ಮೇಲೆ ಐಪಿ ಬದಲಾಗುವುದಿಲ್ಲ, ಕಾಲ್ ಉಳಿಯುತ್ತದೆ. ಮಲ್ಟಿಪಾತ್ ಟಿಸಿಪಿ ಬಳಸಿ ಇದನ್ನು ಮಾಡುವ ಓಪನ್‌ಎಂಪಿಟಿಸಿಪಿರೌಟರ್ ಎಂಬ ಉಚಿತ ತಂತ್ರಾಂಶ ಇದೆ. ಪೆಪ್‌ಲಿಂಕ್, ಸ್ಪೀಡಿಫೈ ತರದವರು ಹಣಕ್ಕೆ ಕೊಡುತ್ತಾರೆ.

ಓಪನ್_ರೌಟರ್

ಎಂಪಿಟಿಸಿಪಿ, ಅಂದರೆ ಮಲ್ಟಿಪಾತ್ ಟಿಸಿಪಿ, ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಇದು ನಿವೃತ್ತ ಸರ್ ಹೇಳಿದ ಕ್ರಮಸಂಖ್ಯೆಯ ಉಪಾಯವೇ. ಅದನ್ನು ಲೈನ್‌ನಿಂದ ತೆಗೆದು ಟಿಸಿಪಿ ಒಳಗೇ ಹಾಕಿದ್ದಾರೆ. ಒಂದು ಕನೆಕ್ಷನ್, ಕೆಳಗೆ ಹಲವು ಸಬ್‌ಫ್ಲೋ, ಎಲ್ಲಕ್ಕೂ ಸೇರಿ ಒಂದು ದೊಡ್ಡ ಎಣಿಕೆ. 2013ರಲ್ಲಿ ಮೊದಲ ಆರ್‌ಎಫ್‌ಸಿ ಬಂತು, ಅದೇ ವರ್ಷ ಆಪಲ್ ಐಓಎಸ್ 7ರಲ್ಲಿ ತನ್ನ ಧ್ವನಿ ಸಹಾಯಕ ಸಿರಿಗೆ ಬಳಸಿತು. 2020ರಲ್ಲಿ ಹೊಸ ಆವೃತ್ತಿ ಆರ್‌ಎಫ್‌ಸಿ 8684 ಆಗಿ ಬಂತು, ಲಿನಕ್ಸ್ 5.6 ಕರ್ನಲ್ ಒಳಗೂ ಅದೇ ವರ್ಷ ಸೇರಿತು.

ಸಿರ್ಸಿಯವರೇ, ಒಂದು ವಿಷಯ ಮನಸ್ಸಿನಲ್ಲಿರಲಿ. ವೀಡಿಯೊ ಕಾಲ್ ಸಾಮಾನ್ಯವಾಗಿ ಯುಡಿಪಿ (ಟಿಸಿಪಿಯಂತೆ ಕ್ರಮ ಕಾಯದ, ಕಳೆದದ್ದನ್ನು ಮತ್ತೆ ಕಳಿಸದ ನಿಯಮ) ಮೇಲೆ ಹೋಗುತ್ತದೆ. ಅದನ್ನು ಎರಡೂ ಲೈನ್‌ಗೆ ಹರಡಲು ಹೋಗಬೇಡಿ. ಫೈಬರ್ 10 ಮಿಲಿಸೆಕೆಂಡ್, 4ಜಿ 60 ಮಿಲಿಸೆಕೆಂಡ್ ಅಂದುಕೊಳ್ಳಿ. ಹರಡಿದರೆ ಮಾತು ಪೂರ್ತಿ ಕೇಳಲು ನಿಧಾನದ ಲೈನ್‌ಗೇ ಕಾಯಬೇಕು. ಕಾಲ್ ಫೈಬರ್ ಮೇಲೆ ಇರಲಿ, ಅದು ಬಿದ್ದಾಗ ಸುರಂಗದೊಳಗೇ 4ಜಿಗೆ ಜಾರಲಿ. ನಿಮಗೆ ಬೇಕಾಗಿರುವುದು ಹೆಚ್ಚು ವೇಗ ಅಲ್ಲ, ಕಡಿಯದ ಕಾಲ್. ಸುರಂಗ ಹಾಕಿದ ಮೇಲೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತಗ್ಗಿಸುವುದನ್ನು ನೋಡಿಕೊಳ್ಳಿ. ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನ್‌ನಲ್ಲಿ ಆಗಲೇ 1492 ಬೈಟ್ ಇರುತ್ತದೆ, ಅದರ ಮೇಲೆ ಸುರಂಗ ಬಂದರೆ ಇನ್ನೂ ಕಡಿಮೆ. ಅದನ್ನು ಬಿಟ್ಟರೆ ಕೆಲವು ವೆಬ್‌ಸೈಟ್ ಅರ್ಧ ತೆರೆದು ನಿಲ್ಲುತ್ತವೆ.

ಸಿರ್ಸಿ_ಮನೆಯಿಂದ

ಮೊದಲು ಲೋಡ್ ಬ್ಯಾಲೆನ್ಸ್ ಹಾಕಿ ನೋಡಿದ್ದೆ, ಬ್ಯಾಂಕ್ ವೆಬ್‌ಸೈಟ್‌ನಲ್ಲಿ ಲಾಗಿನ್ ಆದ ಕೂಡಲೇ ಹೊರಗೆ ಹಾಕುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಓಪನ್_ರೌಟರ್

ಇದೆ. ಲಾಗಿನ್ ಪುಟ ಒಂದು ಐಪಿಯಿಂದ, ಮುಂದಿನ ಕ್ಲಿಕ್ ಇನ್ನೊಂದು ಐಪಿಯಿಂದ ಹೋದರೆ ಬ್ಯಾಂಕಿನವರಿಗೆ ಅನುಮಾನ ಬರುತ್ತದೆ. ಪಿಸಿಸಿ ಆದರೆ ಪೋರ್ಟ್ ಬಿಟ್ಟು ಎರಡೂ ವಿಳಾಸ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಆಯ್ಕೆ ಹಾಕಿ. ಎಂವಾನ್3 ಆದರೆ ಆ ನಿಯಮಕ್ಕೆ ಸ್ಟಿಕಿ ಆನ್ ಮಾಡಿ. ಆಗ ಒಂದು ವೆಬ್‌ಸೈಟ್‌ಗೆ ಒಂದೇ ಲೈನ್‌ನಲ್ಲಿ ಹೋಗುತ್ತೀರಿ.

ದಕ್ಷಿಣ_ಬ್ಯಾಕ್‌ಬೋನ್

ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಎರಡು ರೌಟರ್ ನಡುವೆ ಬಾಂಡ್ ಯಾಕೆ ಬೇಕು? ಎರಡೂ ಲಿಂಕ್‌ಗೆ ಬೇರೆ ಬೇರೆ ಐಪಿ ಕೊಡಿ, ಎರಡರ ಮೇಲೂ ಓಎಸ್‌ಪಿಎಫ್ (ರೌಟರ್‌ಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ನಿಯಮ) ಓಡಿಸಿ, ಕಾಸ್ಟ್ (ದಾರಿಯ ತೂಕ, ಕಡಿಮೆಯಿದ್ದದ್ದನ್ನು ಆರಿಸುತ್ತದೆ) ಒಂದೇ ಇಡಿ. ಇಸಿಎಂಪಿ (ಒಂದೇ ಕಾಸ್ಟ್‌ನ ಹಲವು ದಾರಿಗೆ ಹಂಚುವ ವಿಧಾನ) ತಾನೇ ಹಂಚುತ್ತದೆ. ಲಿನಕ್ಸ್‌ನಲ್ಲಿ ಮಲ್ಟಿಪಾತ್ ಹ್ಯಾಶ್ ಪಾಲಿಸಿ 1 ಮಾಡಿದರೆ ಪೋರ್ಟ್ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಲಿಂಕ್ ಮೇಲೂ ಓಎಸ್‌ಪಿಎಫ್‌ನ ಹಲೋ ಸಂದೇಶ ಹೋಗುವುದರಿಂದ ಯಾವುದು ಸತ್ತಿದೆ ಎಂದು ನೇರವಾಗಿ ಗೊತ್ತಾಗುತ್ತದೆ. ಬಿಎಫ್‌ಡಿ (ಲಿಂಕ್ ಸತ್ತಿದ್ದನ್ನು ಬೇಗ ಕಂಡುಹಿಡಿಯುವ ವಿಧಾನ) ಹಾಕಿದರೆ ಸೆಕೆಂಡಿಗಿಂತ ಬೇಗ. ಪಿಂಗ್, ಟ್ರೇಸ್‌ರೂಟ್ ಎಲ್ಲಾ ಲಿಂಕ್ ಪ್ರಕಾರ ಸ್ಪಷ್ಟ. ಬಾಂಡ್‌ನಲ್ಲಿ ಒಳಗೆ ಏನಾಗುತ್ತಿದೆ ಎಂಬುದು ಮುಚ್ಚಿಹೋಗುತ್ತದೆ.

ಪ್ಯಾಕೆಟ್_ಪಯಣ

ಎರಡೇ ಲಿಂಕ್, ಎರಡೂ ತುದಿ ನಮ್ಮದೇ ರೌಟರ್ ಆದರೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಇವರ ಲಿಂಕ್ ಮೇಲೆ ಹಲವು ವಿಲ್ಯಾನ್ (ಒಂದೇ ತಂತಿಯ ಮೇಲೆ ಬೇರೆ ಬೇರೆಯಾಗಿ ನಡೆಯುವ ಜಾಲ) ಇದ್ದರೆ ಪ್ರತಿಯೊಂದಕ್ಕೂ ಎರಡೆರಡು ಐಪಿ, ಎರಡೆರಡು ನೆರೆ. ಬಾಂಡ್ ಆದರೆ ಎಲ್ಲವೂ ಒಂದರ ಮೇಲೆ ಕೂರುತ್ತದೆ. ರಾತ್ರಿ ಎದ್ದು ಸರಿಮಾಡುವ ಹುಡುಗ ಒಬ್ಬನೇ ಇದ್ದಾಗ ಸೆಟ್ಟಿಂಗ್ ಕಡಿಮೆ ಇರುವುದೇ ದೊಡ್ಡ ಸಹಾಯ.

ದಕ್ಷಿಣ_ಬ್ಯಾಕ್‌ಬೋನ್

ವಿಲ್ಯಾನ್ ಇದ್ದರೆ ಬಾಂಡ್ ಸರಿ. ಬರೀ ಇಂಟರ್ನೆಟ್ ರೂಟ್ ಆದರೆ ನಾನು ಇಸಿಎಂಪಿಯನ್ನೇ ಹಾಕುತ್ತೇನೆ.

ಹರಿಹರ_ಫೈಬರ್

ವಿಲ್ಯಾನ್ ಇವೆ ಸರ್. ಎರಡು ಫ್ಯಾಕ್ಟರಿಗೆ ಲೀಸ್ಡ್ ಲೈನ್ ಕೊಟ್ಟಿದ್ದೇವೆ, ಕೇಬಲ್ ಟಿವಿಯದು ಬೇರೆ. ಹಾಗಾಗಿ ಬಾಂಡ್ ಇರಲಿ.

ದಾವಣಗೆರೆಯಲ್ಲೂ ಪಾಲಿಸಿ ಬದಲಾಯಿಸಿದೆವು. ರಾತ್ರಿ ಒಂಬತ್ತಕ್ಕೆ ಮೊದಲ ಪೋರ್ಟ್ 690, ಎರಡನೆಯದು 640. ಫೋನ್ ಬರುವುದು ನಿಂತಿದೆ! ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದು ಅನುಮಾನ ಉಳಿದಿದೆ. ಒಂದು ಫ್ಯಾಕ್ಟರಿಯವರು ತಮ್ಮ ಹೆಡ್ ಆಫೀಸಿಗೆ ಐಪಿಸೆಕ್ (ಗೂಢಲಿಪಿ ಮಾಡಿದ) ಸುರಂಗ ಹಾಕಿಕೊಂಡಿದ್ದಾರೆ. ಅವರ ಟ್ರಾಫಿಕ್ ಪೂರ್ತಿ ಒಂದೇ ಪೋರ್ಟ್‌ನಲ್ಲಿ ಕಾಣುತ್ತಿದೆ.

ಪ್ಯಾಕೆಟ್_ಪಯಣ

ಅದು ಹಾಗೆಯೇ ಇರುತ್ತದೆ. ಹೊರಗಿನಿಂದ ನೋಡಿದರೆ ಇಡೀ ಸುರಂಗವೇ ಒಂದು ಸಂಭಾಷಣೆ. ಒಳಗೆ ನೂರು ಜನ ಕೆಲಸ ಮಾಡುತ್ತಿದ್ದರೂ ಹೊರಗಿನ ವಿಳಾಸ ಎರಡೇ. ಒಂದು ಗಿಗಾಬಿಟ್ ಮೀರದಿದ್ದರೆ ಚಿಂತೆ ಬೇಡ. ಅಂಥ ದೊಡ್ಡ ಗ್ರಾಹಕರು ಇಬ್ಬರು ಮೂವರು ಒಂದೇ ಪೋರ್ಟ್‌ಗೆ ಬಿದ್ದರೆ ಮಾತ್ರ ಗ್ರಾಫ್ ಓರೆಯಾಗುತ್ತದೆ.

ಮುಂದೆ ಮೂರನೇ ಲಿಂಕ್ ಸೇರಿಸುವ ಯೋಚನೆ ಇದ್ದರೆ ಇದನ್ನೂ ನೋಡಿ. ಕೆಲವು ಹಳೆ ಸ್ವಿಚ್‌ಗಳು ಹ್ಯಾಶ್ ಉತ್ತರವನ್ನು ಎಂಟೇ ಗುಂಪು ಮಾಡುತ್ತವೆ. ಎರಡು ಲಿಂಕ್‌ಗೆ 4, 4 ಗುಂಪು. ನಾಲ್ಕಕ್ಕೆ 2, 2, 2, 2. ಮೂರಕ್ಕೆ 3, 3, 2, ಅಂದರೆ ಸಮ ಪಾಲಾಗುವುದಿಲ್ಲ. ಅಂಥ ಸ್ವಿಚ್ ಇದ್ದಲ್ಲಿ ಎರಡರಿಂದ ನೇರ ನಾಲ್ಕಕ್ಕೆ ಹೋಗುವುದು ಒಳ್ಳೆಯದು.

ನಿವೃತ್ತ_ಟೆಲಿಕಾಂ

ಹರಿಹರದವರೇ, ನಾನು ಬೇರೆ ವಿಷಯ ಕೇಳುತ್ತೇನೆ. ಎರಡೂ ಜೊತೆ ಫೈಬರ್ ಒಂದೇ ಕೇಬಲ್ಲಿನಲ್ಲಿ ಇವೆಯೇ? ನಡುವೆ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ತಾಮ್ರದ ತಂತಿಯನ್ನು ಸೇರಿಸುವ ಪೆಟ್ಟಿಗೆ) ಇದೆಯೇ?

ಹರಿಹರ_ಫೈಬರ್

ಮೊದಲನೆಯದು ಸರ್ವರ್ ಕಾರ್ಡ್‌ನ ಎಸ್‌ಎಫ್‌ಪಿಯಿಂದ (ಫೈಬರ್ ಚುಚ್ಚುವ ಮಾಡ್ಯೂಲ್) ನೇರ. ಎರಡನೆಯದಕ್ಕೆ ಎರಡೂ ತುದಿಯಲ್ಲಿ ಮೀಡಿಯಾ ಕನ್ವರ್ಟರ್, ಅಲ್ಲಿಂದ ಸರ್ವರ್‌ಗೆ ತಾಮ್ರದ ಪ್ಯಾಚ್ ಕಾರ್ಡ್. ಕೇಬಲ್ ಬೇರೆ ಬೇರೆ, ಆದರೆ ಹೈವೇ ಪಕ್ಕ ಒಂದಷ್ಟು ದೂರ ಒಂದೇ ಕಂಬದ ಮೇಲೆ ಬರುತ್ತವೆ.

ನಿವೃತ್ತ_ಟೆಲಿಕಾಂ

ಹಾಗಾದರೆ ಎರಡು ಕೆಲಸ ಇದೆ.

ಮೀಡಿಯಾ ಕನ್ವರ್ಟರ್ ಇರುವ ಲಿಂಕ್‌ನಲ್ಲಿ ಫೈಬರ್ ಕತ್ತರಿಸಿದರೂ ಸರ್ವರ್‌ನ ತಾಮ್ರದ ಪೋರ್ಟ್‌ನ ದೀಪ ಉರಿಯುತ್ತಲೇ ಇರುತ್ತದೆ. ಕನ್ವರ್ಟರ್ ಜೀವಂತವಾಗಿದೆಯಲ್ಲ, ಸರ್ವರ್ ಕಾಣುವುದು ಅದನ್ನೇ. ಆಗ ಬಾಂಡ್ ಆ ಲಿಂಕ್ ಸರಿಯಿದೆ ಎಂದು ತಿಳಿದು ಅರ್ಧ ಗ್ರಾಹಕರ ಪ್ಯಾಕೆಟ್ ಅಲ್ಲಿಗೇ ಸುರಿಯುತ್ತದೆ. ಅರ್ಧ ಊರಿಗೆ ಇಂಟರ್ನೆಟ್ ಇದೆ, ಅರ್ಧ ಊರಿಗಿಲ್ಲ. ಒಬ್ಬರಿಗೇ ಒಂದು ವೆಬ್‌ಸೈಟ್ ಬರುತ್ತದೆ, ಇನ್ನೊಂದು ಬರುವುದಿಲ್ಲ. ಈ ತರದ ದೂರು ಹುಡುಕುವುದು ಬಹಳ ಕಷ್ಟ.

ನೀವು ಎಲ್‌ಎಸಿಪಿ ಹಾಕಿದ್ದೀರಿ, ಅದು ಪುಣ್ಯ. ಆ ಕಡೆಯಿಂದ ಎಲ್‌ಎಸಿಪಿ ಸಂದೇಶ ಬರುವುದು ನಿಂತರೆ ಆ ಪೋರ್ಟ್ ತಾನಾಗಿ ಗುಂಪಿನಿಂದ ಹೊರಬೀಳುತ್ತದೆ. ಆದರೆ ಎಷ್ಟು ಹೊತ್ತಿಗೆ? ಎಲ್‌ಎಸಿಪಿ ರೇಟ್ ಎಂಬ ಸೆಟ್ಟಿಂಗ್ ಸ್ಲೋ ಇದ್ದರೆ 30 ಸೆಕೆಂಡಿಗೊಂದು ಸಂದೇಶ, ಮೂರು ತಪ್ಪಿದ ಮೇಲೆ ತೀರ್ಮಾನ. ಅಂದರೆ 90 ಸೆಕೆಂಡ್. ಫಾಸ್ಟ್ ಇದ್ದರೆ ಸೆಕೆಂಡಿಗೊಂದು, 3 ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ಹೇಳದಿದ್ದರೆ ಸ್ಲೋ ಇರುತ್ತದೆ. ಎರಡೂ ಕಡೆ ಫಾಸ್ಟ್ ಮಾಡಿ. ಬಾಂಡ್ ಕೆಳಗಿಳಿಸಬೇಕಾಗಬಹುದು, ನಡುರಾತ್ರಿ ಕಳೆದ ಮೇಲೆ ಮಾಡಿ.

ಎರಡನೆಯದು ಆ ಕಂಬ. ಜೆಸಿಬಿ ಬಂತೆಂದರೆ, ಲಾರಿ ಗುದ್ದಿತೆಂದರೆ, ಎರಡೂ ಒಟ್ಟಿಗೆ ಹೋಗುತ್ತವೆ. ಬಾಂಡ್ ಇದೆ ಎಂಬ ಧೈರ್ಯ ಅಲ್ಲಿ ಏನೂ ಮಾಡದು. ಸಾಧ್ಯವಾದರೆ ಆ ಭಾಗದಲ್ಲಿ ಒಂದನ್ನಾದರೂ ಬೇರೆ ರಸ್ತೆಗೆ ತಿರುಗಿಸಿ.

ಓಪನ್_ರೌಟರ್

ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಮುಂದೆ ಯಾವತ್ತಾದರೂ ಕನ್ವರ್ಟರ್ ಜಾಗದಲ್ಲಿ ಸ್ವಿಚ್ ಇಡಲು ಹೋಗಬೇಡಿ. ಎಲ್‌ಎಸಿಪಿ ಸಂದೇಶ ಹೋಗುವ ಮ್ಯಾಕ್ ವಿಳಾಸವನ್ನು ಸ್ವಿಚ್‌ಗಳು ಮುಂದೆ ಬಿಡಬಾರದು ಎಂದೇ ನಿಯಮ. ನಡುವೆ ಸ್ವಿಚ್ ಬಂದರೆ ದೀಪ ಎಲ್ಲಾ ಉರಿಯುತ್ತದೆ, ಆ ಲಿಂಕ್ ಮಾತ್ರ ಬಾಂಡ್‌ಗೆ ಸೇರುವುದಿಲ್ಲ.

ಲ್ಯಾಬ್_ಮೇಷ್ಟ್ರು

10 ಗಿಗಾಬಿಟ್ ಕಾರ್ಡ್, 20 ಕಿಲೋಮೀಟರ್ ಮಾಡ್ಯೂಲ್ ಹಾಕಿದರೆ ಈ ತಲೆನೋವೇ ಇರುವುದಿಲ್ಲ ಅಲ್ವಾ?

ಪ್ಯಾಕೆಟ್_ಪಯಣ

ಇರುವುದಿಲ್ಲ ಸರ್. ಗಿಗಾಬಿಟ್ ಲಿಂಕ್ ಎರಡರಿಂದ ನಾಲ್ಕಾಗುವ ಹೊತ್ತಿಗೆ 10ಕ್ಕೆ ಹೋಗುವುದೇ ಸರಿ. ಒಂದೇ ಡೌನ್‌ಲೋಡ್‌ಗೂ ಪೂರ್ತಿ ವೇಗ, ಹ್ಯಾಶ್ ಓರೆಯಾಗುವ ಮಾತಿಲ್ಲ. ಆದರೆ ಆಗ ಒಂದು 10, ಒಂದು 1 ಸೇರಿಸಿ ಬಾಂಡ್ ಮಾಡಲು ಆಗುವುದಿಲ್ಲ. ವೇಗ ಬೇರೆ ಇದ್ದರೆ ಎಲ್‌ಎಸಿಪಿ ಅವನ್ನು ಒಂದೇ ಅಗ್ರಿಗೇಟರ್‌ಗೆ ಸೇರಿಸುವುದಿಲ್ಲ, ಒಂದು ಕೆಲಸ ಮಾಡಿದರೆ ಇನ್ನೊಂದು ಕಾಯುತ್ತಾ ಕೂರುತ್ತದೆ. ಅಲ್ಲಿ ಓಎಸ್‌ಪಿಎಫ್ ಕಾಸ್ಟ್ ಜಾಸ್ತಿ ಕೊಟ್ಟು ಗಿಗಾಬಿಟ್ ಲಿಂಕ್ ಅನ್ನು ಬದಲಿ ದಾರಿಯಾಗಿ ಇಟ್ಟುಕೊಳ್ಳಿ.

ಹರಿಹರ_ಫೈಬರ್

10ಕ್ಕೆ ಬರುವ ವರ್ಷ ಹೋಗುತ್ತೇವೆ. ಸದ್ಯಕ್ಕೆ ಫಾಸ್ಟ್ ಮಾಡಿದೆವು. ಹಗಲು ಹೊತ್ತು ಎರಡನೇ ಲಿಂಕ್‌ನ ಫೈಬರ್ ಅನ್ನು ದಾವಣಗೆರೆ ಕನ್ವರ್ಟರ್‌ನಿಂದ ಬಿಡಿಸಿ ನೋಡಿದೆವು. ಹರಿಹರದ ಪೋರ್ಟ್ ದೀಪ ಉರಿಯುತ್ತಲೇ ಇತ್ತು, ಸರ್ ಹೇಳಿದ ಹಾಗೇ. ಓಡುತ್ತಿದ್ದ ವೀಡಿಯೊ ನಿಲ್ಲಲಿಲ್ಲ, ಪಿಂಗ್ ಎರಡು ಮೂರು ಹೋಗಿ ಮತ್ತೆ ಬಂತು.

ಕೊನೆಯದಾಗಿ ಒಂದು. ನಮ್ಮ ಹತ್ತಿರ ಬೇರೆ ದಾರಿಯಲ್ಲಿ ಬರುವ 300 ಮೆಗಾಬಿಟ್ ರೇಡಿಯೊ ಲಿಂಕ್ ಕೂಡ ಇದೆ. ಮಿನ್ ಲಿಂಕ್ಸ್ (ಬಾಂಡ್ ನಡೆಯಲು ಕನಿಷ್ಠ ಎಷ್ಟು ಲಿಂಕ್ ಬೇಕು ಎಂಬ ಸೆಟ್ಟಿಂಗ್) 2 ಹಾಕಬೇಕಾ?

ದಕ್ಷಿಣ_ಬ್ಯಾಕ್‌ಬೋನ್

ಬೇಡ. 2 ಹಾಕಿದರೆ ಒಂದು ಪೋರ್ಟ್ ಬಿದ್ದ ಕೂಡಲೇ ಇಡೀ ಬಾಂಡ್ ಬೀಳುತ್ತದೆ, ಎಲ್ಲರೂ 300ರ ರೇಡಿಯೊಗೆ ಹೋಗಿ ಸಿಕ್ಕಿಕೊಳ್ಳುತ್ತಾರೆ. ಉಳಿದ ಒಂದು ಗಿಗಾಬಿಟ್ ಅದಕ್ಕಿಂತ ಎಷ್ಟೋ ಮೇಲು. ಬದಲಿ ದಾರಿಯೂ ಬಾಂಡ್‌ನಷ್ಟೇ ದೊಡ್ಡದಿದ್ದಾಗ ಮಾತ್ರ ಆ ಸೆಟ್ಟಿಂಗ್‌ಗೆ ಅರ್ಥ ಇದೆ. ನಿಮಗೆ ಈಗಿರುವ ಸೊನ್ನೆಯೇ ಸರಿ. 1 ಹಾಕಿದರೂ ಅದೇ ಫಲ.

ಪ್ಯಾಕೆಟ್_ಪಯಣ

ಅದರ ಬದಲು ಎಚ್ಚರಿಕೆ ಸಂದೇಶ ಹಾಕಿಕೊಳ್ಳಿ. ಹಗಲು ಟ್ರಾಫಿಕ್ ಕಡಿಮೆ ಇರುವಾಗ ಒಂದು ಪೋರ್ಟ್ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ರಾತ್ರಿ ಎಂಟಕ್ಕೆ ಫೋನ್ ಶುರುವಾದಾಗಲೇ ತಿಳಿಯುವುದು. ಬಾಂಡ್‌ನ ಗ್ರಾಫ್ ಒಂದನ್ನೇ ನೋಡಬೇಡಿ. ಅದೇ ಪ್ರಾಕ್ ಫೈಲ್‌ನಲ್ಲಿ, ನಡೆಯುತ್ತಿರುವ ಅಗ್ರಿಗೇಟರ್‌ನಲ್ಲಿ ಎಷ್ಟು ಪೋರ್ಟ್ ಇವೆ ಎಂಬ ಸಾಲು ಇದೆ. ಅದು 2 ಇಲ್ಲದಿದ್ದರೆ ಮೊಬೈಲ್‌ಗೆ ಸಂದೇಶ ಬರುವ ಹಾಗೆ ಮಾಡಿ. ಎರಡೂ ಪೋರ್ಟ್‌ಗೆ ಬೇರೆ ಬೇರೆ ಗ್ರಾಫ್ ಇಡಿ. ದೀಪ ಉರಿಯುತ್ತಿದೆಯೇ ಎಂಬುದನ್ನು ಮಾತ್ರ ನೋಡುವ ಎಚ್ಚರಿಕೆ ನಿಮ್ಮ ಎರಡನೇ ಲಿಂಕ್‌ಗೆ ಕೆಲಸಕ್ಕೆ ಬರುವುದಿಲ್ಲ.

ಹರಿಹರ_ಫೈಬರ್

ಸರಿ ಮೇಡಂ. ನಿಮಿಷಕ್ಕೊಮ್ಮೆ ಆ ಸಾಲು ಓದುವ ಸ್ಕ್ರಿಪ್ಟ್ ಇವತ್ತೇ ಬರೆದು ಎರಡೂ ಕಡೆ ಹಾಕುತ್ತೇನೆ. ಹೈವೇ ಪಕ್ಕದ ಕಂಬದ ವಿಷಯಕ್ಕೆ ಲೈನ್‌ಮ್ಯಾನ್ ಕರೆದುಕೊಂಡು ಭಾನುವಾರ ಹೋಗಿ ನೋಡುತ್ತೇವೆ.